ನ್ಯುಮೋನಿಯಾ ಜೊತೆ ಹೃದಯಕ್ಕೂ ತೊಂದರೆ: ನಮ್ಮ ಜಿಲ್ಲೆಯವರು ದಯವಿಟ್ಟು ಓದಿ, ನಿಮ್ಮ ಅನುಭವವನ್ನೂ ಹೇಳಿ

ತೋಟದಮನೆ, ಹೊನ್ನಾವರ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಜೋರಾಗಿದೆ. ಮನೆ ಮನೆಯಲ್ಲೂ ಕೆಮ್ಮು, ಜ್ವರ. ವಯಸ್ಸಾದವರು ಮನೆಯಲ್ಲಿ ಇದ್ದರೆ ಈ ವಿಷಯ ಗೊತ್ತಿರಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನ್ಯುಮೋನಿಯಾ ಅಂದರೆ ಕಫ, ಜ್ವರ, ಆಂಟಿಬಯೋಟಿಕ್, ಕೆಲವು ದಿನ ಆಸ್ಪತ್ರೆ. ನಮ್ಮ ಊರಲ್ಲಿ ಎಲ್ಲರ ಲೆಕ್ಕ ಇಷ್ಟೇ. ಅದು ಹೃದಯಕ್ಕೂ ಕೈ ಹಾಕುತ್ತದೆ ಅಂತ ತಿಳಿದವರು ಕಡಿಮೆ.

ಅಪ್ಪಯ್ಯನಿಗೆ 76 ವರ್ಷ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಹೃದಯದ ತೊಂದರೆ ಇರಲಿಲ್ಲ. ಬೇಸಿಗೆಯಲ್ಲಿ ಮಾಡಿಸಿದ ಇಸಿಜಿ ಸರಿಯಾಗಿಯೇ ಇತ್ತು. ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಸಮಯದಲ್ಲಿ ಜ್ವರ ಬಂತು. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಕೆಳಗೆ ಬೆಳ್ಳಗೆ ಕಂಡಿತು. ಅಡ್ಮಿಟ್ ಮಾಡಿದೆವು. ಮರುದಿನ ಜ್ವರ ಇಳಿಯಿತು, ಗಂಜಿ ಉಂಡರು. ನಾವೆಲ್ಲ ಉಸಿರು ಬಿಟ್ಟೆವು. ಅದೇ ರಾತ್ರಿ ‘ಎದೆಯೊಳಗೆ ಏನೋ ದಡಬಡ ಅಂತಿದ್ದು’ ಅಂದರು. ಮಲಗಲು ಆಗಲಿಲ್ಲ. ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕೆ ಬಾಗಿ ಕೂತೇ ಉಸಿರಾಡುತ್ತಿದ್ದರು. ಸಿಸ್ಟರ್ ನಾಡಿ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು, ಓಡಿ ಹೋಗಿ ಇಸಿಜಿ ಮಶೀನ್ ತಂದರು. ಹೃದಯದ ಬಡಿತ 150ರ ಹತ್ತಿರ, ಅದೂ ತಾಳ ತಪ್ಪಿ. ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಶ್ವಾಸಕೋಶಕ್ಕೆ ನೀರು ತುಂಬಲು ಶುರುವಾಗಿತ್ತು. ಸಲೈನ್ ನಿಲ್ಲಿಸಿ, ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟರು. ಬೆಳಗಾಗುತ್ತಲೇ ದೊಡ್ಡ ಆಸ್ಪತ್ರೆಗೆ ಒಯ್ದೆವು. ಈಗ ಮನೆಯಲ್ಲಿದ್ದಾರೆ, ಹುಷಾರಾಗುತ್ತಿದ್ದಾರೆ.

ನೋಡಲು ಬಂದ ನೆಂಟರೆಲ್ಲ ಒಂದೇ ಮಾತು ಹೇಳುತ್ತಾರೆ. ‘ಹಾರ್ಟು ಮೊದಲೇ ವೀಕ್ ಇದ್ದಿರಬೇಕು, ಯಾರೂ ನೋಡಿಲ್ಲ ಅಷ್ಟೇ.’ ಆದರೆ ಅಲ್ಲಿನ ಡಾಕ್ಟರು ನ್ಯುಮೋನಿಯಾದಿಂದಲೇ ಹೀಗಾಗುತ್ತದೆ, ಇದು ಅಪರೂಪವೂ ಅಲ್ಲ ಅಂದರು. ಇಲ್ಲಿ ವೈದ್ಯರಿದ್ದರೆ ಸ್ವಲ್ಪ ಬಿಡಿಸಿ ಹೇಳಿ. ಬೇರೆ ಮನೆಗಳಲ್ಲಿ ಏನಾಗಿದೆ, ಹೇಗೆ ಗೊತ್ತಾಯಿತು, ಎಲ್ಲಿಗೆ ಕರೆದುಕೊಂಡು ಹೋದಿರಿ, ಅದನ್ನೂ ಬರೆಯಿರಿ.

ಕುಮಟೆ ಡಾಕ್ಟರು, ಜನರಲ್ ಮೆಡಿಸಿನ್

ತಂಗಿ, ಅಪ್ಪಯ್ಯ ಮನೆಗೆ ಬಂದರು ಅನ್ನೋದು ಸಂತೋಷ. ನಿಮಗೆ ಅಲ್ಲಿ ಹೇಳಿದ್ದು ಸರಿ. ಮಳೆಗಾಲದಲ್ಲಿ ನನ್ನ ವಾರ್ಡಿನಲ್ಲಿ ಇಂಥ ರೋಗಿಗಳನ್ನು ನೋಡುತ್ತಲೇ ಇರುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ಎಷ್ಟು ಜನಕ್ಕೆ ಆಗುತ್ತದೆ ಅನ್ನೋದು. ಅಮೆರಿಕ, ಕೆನಡಾದ ರೋಗಿಗಳ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ 1,343 ಜನರಲ್ಲಿ ಶೇ. 26.7ರಷ್ಟು ಜನರಿಗೆ ಹೃದಯದ ಏನಾದರೊಂದು ತೊಂದರೆ ಆಗಿತ್ತು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಮನೆಯಲ್ಲೇ ಔಷಧಿ ತೆಗೆದುಕೊಂಡ 944 ಜನರಲ್ಲಿ ಶೇ. 2.1 ಮಾತ್ರ. ಕಾಯಿಲೆ ಎಷ್ಟು ಜೋರೋ ಹೃದಯಕ್ಕೆ ಅಪಾಯ ಅಷ್ಟು ಜಾಸ್ತಿ ಅಂತ ಇದರಲ್ಲೇ ಗೊತ್ತಾಗುತ್ತದೆ. ಅದಕ್ಕೂ ಮೊದಲು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದರು. ಅದರಲ್ಲಿ ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳಲು ಆಗದಿರುವುದು) ಸುಮಾರು ಶೇ. 14, ಹಾರ್ಟ್ ಅಟ್ಯಾಕ್ ಬಗೆಯದು ಸುಮಾರು ಶೇ. 5, ಬಡಿತದ ತಾಳ ತಪ್ಪಿದ್ದು ಸುಮಾರು ಶೇ. 5. ಅಪ್ಪಯ್ಯನಿಗೆ ಮೊದಲನೆಯದೂ ಕೊನೆಯದೂ ಒಟ್ಟಿಗೆ ಬಂದಿವೆ. ಹಾಗೆ ಒಂದರ ಹಿಂದೆ ಒಂದು ಬರುವುದು ಮಾಮೂಲು.

ಇನ್ನು ಯಾಕೆ ಆಗುತ್ತದೆ? ಶ್ವಾಸಕೋಶದ ಒಂದು ಭಾಗ ಕೀವು, ನೀರು ತುಂಬಿ ಗಟ್ಟಿಯಾದಾಗ ರಕ್ತಕ್ಕೆ ಆಮ್ಲಜನಕ ಕಡಿಮೆ ಸಿಗುತ್ತದೆ. ಜ್ವರ ಇರುವಾಗ ದೇಹಕ್ಕೆ ಬೇಕಾಗುವುದು ಮಾತ್ರ ಜಾಸ್ತಿ. ಹೃದಯ ಎರಡನ್ನೂ ಸರಿದೂಗಿಸಬೇಕು. ತೋಡಿನಲ್ಲಿ ನೀರು ಕಡಿಮೆಯಾದರೂ ತೋಟಕ್ಕೆಲ್ಲ ನೀರು ಹಾಯಿಸು ಅಂತ ಹಳೇ ಪಂಪ್‌ಸೆಟ್ಟನ್ನು ರಾತ್ರಿ ಹಗಲು ಓಡಿಸಿದ ಹಾಗೆ.

ಎರಡನೇ ಕಾರಣ ಉರಿಯೂತ. ಸೋಂಕಿನ ವಿರುದ್ಧ ದೇಹ ಹೋರಾಡುವಾಗ ರಕ್ತದಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ಶ್ವಾಸಕೋಶದಲ್ಲೇ ಉಳಿಯುವುದಿಲ್ಲ. ರಕ್ತನಾಳದಲ್ಲಿ ಸುಮ್ಮನೆ ಕೂತಿದ್ದ ಕೊಬ್ಬಿನ ಗಡ್ಡೆಯನ್ನು ಅವು ಕೆರಳಿಸುತ್ತವೆ. ಅದು ಒಡೆಯಬಹುದು. ಅದೇ ಹೊತ್ತಿಗೆ ಪ್ಲೇಟ್‌ಲೆಟ್‌ಗಳೂ ಅಂಟಂಟಾಗಿರುತ್ತವೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹಾರ್ಟ್ ಅಟ್ಯಾಕ್ ಆಗಲು ಇಷ್ಟು ಸಾಕು.

ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ. ನ್ಯುಮೋಕಾಕಸ್ ಅನ್ನುವ ರೋಗಾಣು ರಕ್ತಕ್ಕೆ ಇಳಿದರೆ ನೇರವಾಗಿ ಹೃದಯದ ಸ್ನಾಯುವಿಗೇ ಹೋಗಬಲ್ಲದು. ಇಲಿಗಳಲ್ಲಿ, ಮಂಗಗಳಲ್ಲಿ ಇದನ್ನು ನೋಡಿದ್ದಾರೆ. ಸ್ನಾಯುವಿನೊಳಗೆ ಸಣ್ಣ ಸಣ್ಣ ಗಾಯ ಮಾಡುತ್ತದೆ. ನ್ಯುಮೋಲೈಸಿನ್ ಅನ್ನುವ ಅದರ ವಿಷ ಹೃದಯದ ಜೀವಕೋಶಗಳನ್ನು ಕೊಲ್ಲುತ್ತದೆ.

ಹಾಗಾಗಿ ‘ಮೊದಲೇ ವೀಕ್ ಇತ್ತು’ ಅನ್ನೋ ಮಾತಿನಲ್ಲಿ ಅರ್ಧ ಮಾತ್ರ ಸತ್ಯ. ವಯಸ್ಸು, ಬಿಪಿ, ಸಕ್ಕರೆ, ಹಳೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ, ನಿಜ. ಆದರೆ ಮುಂಚೆ ಏನೂ ಇಲ್ಲದವರಿಗೂ ಆಗುತ್ತದೆ. ಮನೆಯವರನ್ನು ದೂರುವುದು ಸರಿಯಲ್ಲ.

ಕಾಳಿ ಅಳಿವೆ, ಕಾರವಾರ

ಡಾಕ್ಟ್ರೇ, ನೀವು ಹೇಳಿದ್ದು ಓದಿ ನಮ್ಮ ಕಾಕಾನ ವಿಷಯ ಈಗ ಅರ್ಥ ಆಯ್ತು. ಬೋಟಿಗೆ ಹೋಗೋ ಮನುಷ್ಯ, ಗಟ್ಟಿ ಆಳು. ಟ್ರಾಲಿಂಗ್ ಬಂದ್ ಇರೋ ಸಮಯ, ಮನೆಯಲ್ಲೇ ಬಲೆ ಹೊಲೀತಾ ಕೂತಿದ್ದರು. ಬೀಡಿ ಮಾತ್ರ ಬಿಟ್ಟಿರಲಿಲ್ಲ. ಕೆಮ್ಮು, ಜ್ವರ, ಬೆನ್ನಲ್ಲಿ ಚುಚ್ಚಿದ ಹಾಗೆ ನೋವು. ನ್ಯುಮೋನಿಯಾ ಅಂತ ಔಷಧಿ ಶುರುವಾಯ್ತು. ಆಮೇಲೆ ಎದೆ ನೋವು ಅಂದಾಗ ನಾವೆಲ್ಲ ಕೆಮ್ಮಿ ಕೆಮ್ಮಿ ಎದೆ ನೋಯ್ತಿರಬೇಕು ಅಂತಲೇ ತಿಳಿದೆವು. ಕಾಕಿಗೆ ಮಾತ್ರ ಸಮಾಧಾನ ಇರಲಿಲ್ಲ. ‘ಇವ್ರಿಗೆ ಬೆವರು ಬರ್ತಾ ಇದೆ, ಜ್ವರ ಬಿಟ್ಟ ಬೆವರಲ್ಲ ಇದು, ಮೈ ತಣ್ಣಗಿದೆ’ ಅಂತ ಹಟ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದರು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್. ಅಲ್ಲಿಂದ ಗೋವಾಕ್ಕೆ ಒಯ್ದು ಸ್ಟೆಂಟ್ ಹಾಕಿಸಿದೆವು. ಕಾಕಾ ಬದುಕಿದರು ಅಂದ್ರೆ ಅದು ಕಾಕಿಯಿಂದ.

ನನ್ನ ಪ್ರಶ್ನೆ: ಕೆಮ್ಮಿನ ನೋವು ಯಾವುದು, ಹೃದಯದ ನೋವು ಯಾವುದು ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಕುಮಟೆ ಡಾಕ್ಟರು

ನಿಮ್ಮ ಕಾಕಿ ಗಮನಿಸಿದ್ದೇ ಉತ್ತರ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಹೊದಿಕೆಗೆ ಉರಿಯೂತ ಆದಾಗ ಬರುವ ನೋವು ಚುಚ್ಚಿದ ಹಾಗೆ ಇರುತ್ತದೆ. ಉಸಿರು ಎಳೆದಾಗ, ಕೆಮ್ಮಿದಾಗ ಜಾಸ್ತಿ. ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸಬಹುದು. ಹೃದಯದ ನೋವು ಎದೆ ನಡುವೆ ಒತ್ತಿ ಹಿಡಿದ ಹಾಗೆ, ಭಾರ ಇಟ್ಟ ಹಾಗೆ. ದವಡೆಗೆ, ಎಡಗೈಗೆ, ಬೆನ್ನಿಗೆ ಹರಡಬಹುದು. ತಣ್ಣನೆ ಬೆವರು, ವಾಂತಿ ಬಂದ ಹಾಗೆ ಆಗುವುದು ಜೊತೆಗಿರುತ್ತದೆ.

ಆದರೆ ಇದನ್ನು ಪೂರ್ತಿ ನಂಬಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ, ತುಂಬ ವಯಸ್ಸಾದವರಿಗೆ ನೋವೇ ಬರದೇ ಇರಬಹುದು. ಬರೀ ದಮ್ಮು, ಬರೀ ಸುಸ್ತು. ಹಾಗಾಗಿ ಅನುಮಾನ ಬಂದರೆ ಇಸಿಜಿ. ಕೆಲವೇ ನಿಮಿಷದ ಕೆಲಸ.

ಇನ್ನೊಂದು. ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ನೋಡಿ 2004ರಲ್ಲಿ ಬಂದ ಅಧ್ಯಯನದಲ್ಲಿ, ಉಸಿರಾಟದ ಸೋಂಕು ಆದ ಮೊದಲ ಮೂರು ದಿನದಲ್ಲಿ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು ಐದು ಪಟ್ಟು ಜಾಸ್ತಿ ಅಂತ ಕಂಡಿತು. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆನಡಾದಲ್ಲಿ ಫ್ಲೂ ಬಂದವರನ್ನು ನೋಡಿದಾಗ ಮೊದಲ ವಾರದಲ್ಲಿ ಆರು ಪಟ್ಟು. ಅದು 2018ರದು. ಸೋಂಕು ಜೋರಿರುವಾಗಲೇ ಕಣ್ಣಿಟ್ಟು ನೋಡಬೇಕು ಅನ್ನೋದು ಇದಕ್ಕೇ.

ಸಹ್ಯಾದ್ರಿ, ಯಲ್ಲಾಪುರ

ಕ್ಷಮಿಸಿ, ಒಂದು ಮಾತು. ಇದನ್ನೆಲ್ಲ ಓದಿ ಜನ ಹೆದರಿ ಸಾಯುತ್ತಾರೆ. ಕೆಮ್ಮು ಬಂದವರೆಲ್ಲ ಇಸಿಜಿ, ಎಕೋ ಅಂತ ಓಡಿದರೆ ಖರ್ಚು ಯಾರು ಕೊಡುತ್ತಾರೆ? ನಮ್ಮ ಅಜ್ಜನ ಕಾಲದಲ್ಲಿ ಕಾಳುಮೆಣಸಿನ ಕಷಾಯ ಕುಡಿದು, ಕಂಬಳಿ ಹೊದ್ದು ಬಚ್ಚಲೊಲೆ ಮುಂದೆ ಕೂತು ಗುಣ ಆಗುತ್ತಿದ್ದರು.

ಕುಮಟೆ ಡಾಕ್ಟರು

ಕಷಾಯ ಕುಡಿಯಿರಿ, ನಾನೂ ಕುಡಿಯುತ್ತೇನೆ. ಸಾದಾ ಶೀತ ಕೆಮ್ಮಿಗೆ ಇಸಿಜಿ ಬೇಡ, ಏನೂ ಬೇಡ. ನಾವು ಮಾತಾಡುತ್ತಿರುವುದು ನ್ಯುಮೋನಿಯಾ ಆದವರ ಬಗ್ಗೆ. ಅದರಲ್ಲೂ ಆಸ್ಪತ್ರೆಗೆ ಸೇರಿಸುವಷ್ಟು ಆದವರು, 65 ದಾಟಿದವರು, ಬಿಪಿ, ಸಕ್ಕರೆ, ಹೃದಯ, ಕಿಡ್ನಿ ತೊಂದರೆ ಇರುವವರು. ಇವರಿಗೆ ಅಡ್ಮಿಟ್ ಆದ ದಿನವೇ ಒಂದು ಇಸಿಜಿ ತೆಗೆಸಿ ಇಟ್ಟುಕೊಳ್ಳಿ. ನಾಳೆ ಏನಾದರೂ ಬದಲಾದರೆ ಹೋಲಿಸಿ ನೋಡಲು ಅದು ಬೇಕು. ಸರಕಾರಿ ತಾಲೂಕು ಆಸ್ಪತ್ರೆಯಲ್ಲೂ ಇಸಿಜಿ ಆಗುತ್ತದೆ, ಖರ್ಚಿನ ಪ್ರಶ್ನೆ ದೊಡ್ಡದಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಎಲ್ಲರಿಗೂ ಬೇಡ.

ಅಜ್ಜನ ಕಾಲದ್ದು ಹೇಳಿದಿರಿ. ಆ ಕಾಲದಲ್ಲಿ ‘ಕಫ ಕಟ್ಟಿ ಹೋದರು’ ಅಂತ ಹೇಳುತ್ತಿದ್ದರಲ್ಲ, ಅವರಲ್ಲಿ ಎಷ್ಟು ಜನರ ಹೃದಯ ನಿಂತಿತ್ತೋ ನೋಡಿದವರು ಯಾರೂ ಇಲ್ಲ.

ತೋಟದಮನೆ, ಹೊನ್ನಾವರ

ಸಹ್ಯಾದ್ರಿಯವರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮೊದಲೇ ಗೊತ್ತಿದ್ದರೆ ಆ ರಾತ್ರಿ ನಮಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಏನಾಗುತ್ತಿದೆ ಅಂತಲೇ ತಿಳಿಯದಿದ್ದಾಗ ಆಗುವ ಹೆದರಿಕೆ ದೊಡ್ಡದು.

ಆಶಾ ಅಕ್ಕ, ಅಂಕೋಲಾ

ನಾನು ಹಳ್ಳಿಯಲ್ಲಿ ಆಶಾ ಕೆಲಸ ಮಾಡುತ್ತೇನೆ. ಡಾಕ್ಟರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದೆರಡು ಮಾತು.

ವಯಸ್ಸಾದವರಿಗೆ ನ್ಯುಮೋನಿಯಾ ಆದರೆ ಜ್ವರ ಬಂದೇ ಬರುತ್ತದೆ ಅಂತ ಇಲ್ಲ. ಊಟ ಬಿಡುತ್ತಾರೆ. ಸುಮ್ನೆ ಮಲಗಿರುತ್ತಾರೆ. ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡುತ್ತಾರೆ, ಮನೆಯವರ ಗುರುತು ಹಿಡಿಯುವುದಿಲ್ಲ. ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಮನೆಯವರು ‘ಅರಳು ಮರಳು’ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ.

ಉಸಿರು ಎಣಿಸುವುದು ಕಲಿಯಿರಿ. ಮಶೀನ್ ಬೇಡ. ಅವರು ಆರಾಮಾಗಿ ಮಲಗಿದ್ದಾಗ, ಎಣಿಸುತ್ತಿದ್ದೇನೆ ಅಂತ ಹೇಳದೆ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಹೇಳಿದರೆ ಉಸಿರಾಟ ಬದಲಾಗುತ್ತದೆ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಿದರೂ ತಪ್ಪಾಗಬಹುದು. ದೊಡ್ಡವರಿಗೆ 12ರಿಂದ 20 ಸರಿ. 24 ದಾಟಿದರೆ ಡಾಕ್ಟರಿಗೆ ತೋರಿಸಿ. 30 ಆದರೆ ತಡ ಮಾಡಬೇಡಿ, 108ಕ್ಕೆ ಫೋನ್ ಮಾಡಿ.

ಕೊರೋನಾ ಸಮಯದಲ್ಲಿ ತಂದ ಆಕ್ಸಿಮೀಟರ್ ತುಂಬ ಮನೆಯಲ್ಲಿ ಇದೆ. ಸೆಲ್ ಹಾಕಿ ಸರಿಯಿದೆಯಾ ನೋಡಿ. ಮಳೆಯಲ್ಲಿ ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಬೆರಳು ಉಜ್ಜಿ ಬೆಚ್ಚಗೆ ಮಾಡಿ ಆಮೇಲೆ ಹಾಕಿ. ಉಗುರು ಬಣ್ಣ ಇದ್ದರೆ ತೆಗೆಯಿರಿ. 94ಕ್ಕಿಂತ ಕೆಳಗೆ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಶಿರಸಿ ಸೊಸೆ

ಆಶಾ ಅಕ್ಕ, ತುಂಬ ಉಪಕಾರ. ಒಂದು ಕೇಳಬೇಕಿತ್ತು. ನಮ್ಮ ಕಡೆ ಯಾರಿಗೆ ಸುಸ್ತಾದರೂ ‘ಎರಡು ಬಾಟ್ಲಿ ಗ್ಲುಕೋಸ್ ಹಾಕ್ಸಿ’ ಅಂತ ಕೇಳುವುದು ರೂಢಿ. ಅತ್ತೆಗೆ ಹೋದ ವರ್ಷ ಹೀಗೇ ನ್ಯುಮೋನಿಯಾ ಆದಾಗ ಮಾವ ಡಾಕ್ಟರ ಹತ್ತಿರ ಅದನ್ನೇ ಕೇಳಿದರು. ಅವರು ಹಾಕಲ್ಲ ಅಂದರು. ಮಾವನಿಗೆ ಬೇಸರ ಆಗಿ ಬೇರೆ ಕಡೆ ಹೋಗಿ ಹಾಕಿಸಿಕೊಂಡು ಬಂದರು. ರಾತ್ರಿ ದಮ್ಮು ಜಾಸ್ತಿಯಾಗಿ ಹುಬ್ಬಳ್ಳಿಗೆ ಒಯ್ಯಬೇಕಾಯಿತು. ತೋಟದಮನೆಯವರೂ ಸಲೈನ್ ನಿಲ್ಲಿಸಿದರು ಅಂತ ಬರೆದಿದ್ದಾರೆ. ಇದಕ್ಕೂ ಹೃದಯಕ್ಕೂ ಸಂಬಂಧ ಇದೆಯಾ?

ಕುಮಟೆ ಡಾಕ್ಟರು

ಇದೆ. ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು.

ಸಲೈನ್ ಅಂದರೆ ಉಪ್ಪು ನೀರು, ನೇರ ರಕ್ತಕ್ಕೆ. ಬಿಪಿ ಬಿದ್ದುಹೋದವರಿಗೆ, ನೀರು ಕುಡಿಯಲಾಗದೆ ಒಣಗಿಹೋದವರಿಗೆ ಅದು ಜೀವ ಉಳಿಸುತ್ತದೆ. ಆದರೆ ಸೋಂಕಿನಿಂದ ಹೃದಯದ ಬಲ ತಾತ್ಕಾಲಿಕವಾಗಿ ಕುಗ್ಗಿದ್ದರೆ ಜಾಸ್ತಿಯಾದ ನೀರನ್ನು ಮುಂದಕ್ಕೆ ತಳ್ಳಲು ಆಗುವುದಿಲ್ಲ. ಅದು ಹಿಂದೆ ಶ್ವಾಸಕೋಶಕ್ಕೆ ತುಂಬುತ್ತದೆ. ಈಗಾಗಲೇ ಸೋಂಕಾದ ಶ್ವಾಸಕೋಶ, ಅದರ ಮೇಲೆ ನೀರು. ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಮೂತ್ರ, ಬಿಪಿ, ಉಸಿರು ನೋಡಿಕೊಂಡು ತೀರ್ಮಾನ ಮಾಡುವ ವಿಷಯ ಇದು. ಶಕ್ತಿ ಬರಲಿ ಅಂತ ಕೇಳಿ ಹಾಕಿಸಿಕೊಳ್ಳುವುದಲ್ಲ. ಬಾಟ್ಲಿ ಹಾಕದ ಡಾಕ್ಟರು ಏನೂ ಮಾಡಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಬಾಯಲ್ಲಿ ಗಂಜಿ ತಿಳಿ, ನೀರು ಹೋಗುತ್ತಿದ್ದರೆ ಅದೇ ಒಳ್ಳೆಯದು.

ಅದೇ ರೀತಿ ನೋವಿನ ಇಂಜೆಕ್ಷನ್. ಮೈ ಕೈ ನೋವು ಅಂತ ಡೈಕ್ಲೋಫಿನ್ಯಾಕ್ ಚುಚ್ಚಿಸಿಕೊಂಡು ಕೆಲಸಕ್ಕೆ ಹೋಗುವವರು ಕರಾವಳಿಯಲ್ಲಿ ಬೇಕಾದಷ್ಟು ಜನ. ತೈವಾನ್‌ನಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ, ಉಸಿರಾಟದ ಸೋಂಕು ಇರುವಾಗ ಈ ಗುಂಪಿನ ನೋವಿನ ಔಷಧಿ ತೆಗೆದುಕೊಂಡವರಿಗೆ ಹಾರ್ಟ್ ಅಟ್ಯಾಕ್ ಅಪಾಯ ಮೂರು ಪಟ್ಟಿಗೂ ಜಾಸ್ತಿ ಕಂಡಿತು. ಇಂಜೆಕ್ಷನ್ ಆದರೆ ಇನ್ನೂ ಜಾಸ್ತಿ. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಔಷಧಿ ಅಂಗಡಿ, ಭಟ್ಕಳ

ಅಂಗಡಿಗೆ ಬಂದು ಚೀಟಿ ಇಲ್ಲದೆ ‘ಅಜಿಥ್ರೋ ಕೊಡಿ’ ಅನ್ನುವವರು ದಿನಾ ಬರುತ್ತಾರೆ. ಆ ಆಂಟಿಬಯೋಟಿಕ್ ಹೃದಯಕ್ಕೆ ಕೆಟ್ಟದ್ದು ಅಂತ ಕೇಳಿದ್ದೇನೆ. ಡಾಕ್ಟರು ಇದಕ್ಕೂ ಹೇಳಬೇಕು.

ಕುಮಟೆ ಡಾಕ್ಟರು

ಅಜಿಥ್ರೋಮೈಸಿನ್ ಕೆಲವರಲ್ಲಿ ಹೃದಯದ ಬಡಿತದ ತಾಳ ಕೆಡಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಎಚ್ಚರಿಕೆ ಕೊಟ್ಟಿತು. ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದ ಇದ್ದವರು, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದವರು, ಬಡಿತಕ್ಕೇ ಬೇರೆ ಮಾತ್ರೆ ತೆಗೆದುಕೊಳ್ಳುವವರು ಜೋಪಾನ. ಲೆವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯೋಟಿಕ್‌ಗಳಿಗೂ ಇದೇ ಮಾತು.

ಹಾಗಂತ ಆಸ್ಪತ್ರೆಯಲ್ಲಿ ಬರೆದುಕೊಟ್ಟರೆ ಬೇಡ ಅನ್ನಬೇಡಿ. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ ಅಮೆರಿಕದ ಹಿರಿಯ ಮಾಜಿ ಸೈನಿಕರ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ಅಜಿಥ್ರೋಮೈಸಿನ್ ಕೊಟ್ಟವರಲ್ಲಿ ಹಾರ್ಟ್ ಅಟ್ಯಾಕ್ ಸ್ವಲ್ಪ ಜಾಸ್ತಿ ಇತ್ತು, ಆದರೆ 90 ದಿನದೊಳಗೆ ಸಾವು ಕಡಿಮೆ ಇತ್ತು. ಸರಿಯಾದ ರೋಗಿಗೆ ಲಾಭವೇ ಜಾಸ್ತಿ. ಚೀಟಿ ಇಲ್ಲದೆ ನೀವು ಕೊಡದಿದ್ದರೆ ಅದೇ ದೊಡ್ಡ ಉಪಕಾರ.

ಮನೆಯವರಿಗೆ ಒಂದು ಮಾತು: ಆಸ್ಪತ್ರೆಗೆ ಹೋಗುವಾಗ ದಿನಾ ತಿನ್ನುವ ಮಾತ್ರೆಗಳ ಚೀಟಿ ಇಲ್ಲವೇ ಮಾತ್ರೆ ಖಾಲಿಯಾದ ಸ್ಟ್ರಿಪ್ ತೆಗೆದುಕೊಂಡು ಹೋಗಿ. ‘ಒಂದು ಬಿಳಿ ಮಾತ್ರೆ, ಒಂದು ಕೆಂಪು’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆಗಳನ್ನು ಜ್ವರ ಬಂತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬೇರೆ ವಿಷಯ. ಸೋಂಕು ಜೋರಾಗಿ ಬಿಪಿ ಇಳಿದಿದ್ದರೆ ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಗಂಗಾವಳಿ, ಗೋಕರ್ಣ

ನಮ್ಮ ಮಾವನಿಗೆ ನ್ಯುಮೋನಿಯಾ ಆದಾಗ ಟ್ರೋಪೋನಿನ್ ಜಾಸ್ತಿ ಬಂತು. ಒಂದು ಕಡೆ ಹಾರ್ಟ್ ಅಟ್ಯಾಕ್ ಅಂದರು. ಮತ್ತೊಂದು ಕಡೆ ಅಲ್ಲ, ಆಂಜಿಯೋಗ್ರಾಂ ಈಗ ಬೇಡ ಅಂದರು. ಯಾರನ್ನು ನಂಬಬೇಕು?

ಶಿರಸಿ ಲ್ಯಾಬ್

ನಾನು ಲ್ಯಾಬ್ ಟೆಕ್ನಿಶಿಯನ್. ಡಾಕ್ಟರು ಬರುವ ಮೊದಲು ನನಗೆ ತಿಳಿದಷ್ಟು ಹೇಳುತ್ತೇನೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ರಕ್ತಕ್ಕೆ ಬರುತ್ತದೆ. ಪೆಟ್ಟು ಯಾಕಾಯಿತು ಅಂತ ಅದು ಹೇಳುವುದಿಲ್ಲ. ರಕ್ತನಾಳ ಬಂದ್ ಆದರೂ ಏರುತ್ತದೆ, ಆಮ್ಲಜನಕ ಸಾಲದೆ ಹೃದಯ ಬಳಲಿದರೂ ಏರುತ್ತದೆ, ಕಿಡ್ನಿ ತೊಂದರೆ ಇದ್ದರೂ ಜಾಸ್ತಿ ಇರಬಹುದು. ಅದಕ್ಕೇ ಕೆಲವು ಗಂಟೆ ಬಿಟ್ಟು ಇನ್ನೊಂದು ಸ್ಯಾಂಪಲ್ ಕೇಳುತ್ತಾರೆ. ‘ಒಮ್ಮೆ ಕೊಟ್ಟಾಯ್ತಲ್ಲ’ ಅಂತ ಜನ ನಮ್ಮ ಮೇಲೆ ಸಿಟ್ಟು ಮಾಡುತ್ತಾರೆ. ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನೋದೇ ಮುಖ್ಯ.

ಕುಮಟೆ ಡಾಕ್ಟರು

ಸರಿಯಾಗಿ ಹೇಳಿದಿರಿ, ನಾನು ಸೇರಿಸುವುದು ಸ್ವಲ್ಪವೇ. ಗಂಗಾವಳಿಯವರೇ, ಇಬ್ಬರೂ ಸುಳ್ಳು ಹೇಳಿಲ್ಲ. ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವುದು ಒಂದು ಬಗೆ. ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ ಆಗಿ ಸ್ನಾಯುವಿಗೆ ಪೆಟ್ಟಾಗುವುದು ಎರಡನೇ ಬಗೆ. ಎರಡನೆಯದಕ್ಕೆ ಮೊದಲ ಚಿಕಿತ್ಸೆ ಆಮ್ಲಜನಕ ಕೊಡುವುದು, ಸೋಂಕು ಇಳಿಸುವುದು. ಇಸಿಜಿ, ಎಕೋ, ರೋಗಿಯ ಸ್ಥಿತಿ ಮೂರನ್ನೂ ಸೇರಿಸಿ ನೋಡಿ ತೀರ್ಮಾನಿಸುತ್ತಾರೆ. ಹುಷಾರಾದ ಮೇಲೆ ಮಾವನನ್ನು ಹೃದಯದ ಡಾಕ್ಟರಿಗೆ ಒಮ್ಮೆ ತೋರಿಸಿ. ಅದನ್ನು ಮಾತ್ರ ಬಿಡಬೇಡಿ.

ಕಾಳಿ ಅಳಿವೆ, ಕಾರವಾರ

ಎಲ್ಲ ಸರಿ ಮಾರಾಯ್ರೆ. ಆದರೆ ಹೃದಯದ ಡಾಕ್ಟರು ಎಲ್ಲಿ? ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ, ಮತ್ತೆ 2022ರಲ್ಲಿ ಎಷ್ಟು ಜನ ಕೂಗಿದೆವು! ಹೆದ್ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಹೋದ ಜೀವಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಯಿತು. ಆ ದಿನಗಳಲ್ಲಿ ಅಂಕೋಲಾದ ಈ ಕಡೆ ಯಾರಿಗಾದರೂ ಹೀಗಾಗಿದ್ದರೆ?

ಶಿರಸಿ ಸೊಸೆ

ಹೌದು. ದೇವಿಮನೆ ಘಟ್ಟ, ಅರಬೈಲ್ ಘಟ್ಟ ರಾತ್ರಿ ಮಳೆಯಲ್ಲಿ ಇಳಿಯುವುದು ಅಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ.

ಕುಮಟೆ ಡಾಕ್ಟರು

ಈ ನೋವು ನನಗೂ ಇದೆ. ರೋಗಿಯನ್ನು ಆಂಬುಲೆನ್ಸ್ ಹತ್ತಿಸಿ ಕಳಿಸಿದ ಮೇಲೆ ಅವರು ಮುಟ್ಟಿದ ಫೋನ್ ಬರುವ ತನಕ ನನಗೂ ನಿದ್ದೆ ಬರುವುದಿಲ್ಲ. ಆಸ್ಪತ್ರೆಯ ಬೇಡಿಕೆಯನ್ನು ಬಿಡಬಾರದು, ಕೇಳುತ್ತಲೇ ಇರಬೇಕು.

ಅದು ಆಗುವ ತನಕ ನಮ್ಮ ಕೈಯಲ್ಲಿ ಇರುವುದು ಬೇಗ ನಿರ್ಧಾರ ಮಾಡುವುದು. ದೂರ ಜಾಸ್ತಿ ಇರುವ ನಮಗೆ ‘ಬೆಳಗಾಗಲಿ, ನೋಡೋಣ’ ಅನ್ನೋದು ಆಗದ ಮಾತು. ನಾನು ಮೊದಲು ಹೇಳಿದ 2012ರ ಅಧ್ಯಯನದಲ್ಲಿ ಹೃದಯದ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ 24 ಗಂಟೆಯಲ್ಲೇ ಕಂಡಿದ್ದವು, ಹತ್ತರಲ್ಲಿ ಸುಮಾರು ಒಂಬತ್ತು ಮೊದಲ ವಾರದೊಳಗೆ. ಹಾಗಾಗಿ ಅಡ್ಮಿಟ್ ಮಾಡುವ ದಿನ ಹಗಲಲ್ಲೇ ಡಾಕ್ಟರನ್ನು ಕೇಳಿ: ಇವರಿಗೆ ಅಪಾಯ ಎಷ್ಟಿದೆ, ರಾತ್ರಿ ಜಾಸ್ತಿಯಾದರೆ ಎಲ್ಲಿಗೆ ಕಳಿಸುತ್ತೀರಿ, ಆಕ್ಸಿಜನ್ ಇರುವ ಆಂಬುಲೆನ್ಸ್ ಸಿಗುತ್ತದಾ? ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಹೊರಡುವ ಮೊದಲು ಅಲ್ಲಿಗೆ ಫೋನ್ ಮಾಡಿ ಬೆಡ್ ಇದೆಯಾ ಕೇಳಿ.

ಹಾರ್ಟ್ ಅಟ್ಯಾಕ್ ಅಂತ ಅನುಮಾನ ಬಂದರೆ ನೇರ ದೂರದ ಊರಿಗೆ ಓಡಬೇಡಿ. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ಹೃದಯದ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಕ್ಕೆ ಕಳಿಸುತ್ತಾರೆ.

ಆಶಾ ಅಕ್ಕ, ಅಂಕೋಲಾ

ಒಂದು ಸೇರಿಸಲಾ? ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಜ್ವರ ಎಲ್ಲವೂ ನ್ಯುಮೋನಿಯಾ ಅಲ್ಲ. ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ ಬರುತ್ತದೆ. ಅದೂ ಶ್ವಾಸಕೋಶ, ಹೃದಯ ಎರಡನ್ನೂ ಹಿಡಿಯಬಹುದು. ನಾಟಿಗೆ ಹೋಗಿದ್ದರಾ, ಕಾಲಿಗೆ ಗಾಯ ಇತ್ತಾ, ಡಾಕ್ಟರಿಗೆ ಹೇಳಿ.

ತೋಟದಮನೆ, ಹೊನ್ನಾವರ

ಡಾಕ್ಟ್ರೇ, ಈಗ ಅಪ್ಪಯ್ಯ ಮನೆಯಲ್ಲಿದ್ದಾರೆ. ಬಡಿತ ತಾಳಕ್ಕೆ ಬಂದಿದೆ. ಅಪಿಕ್ಸಬಾನ್ ಅಂತ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದಾರೆ. ‘ಎಲ್ಲ ಸರಿ ಆಯ್ತಲ್ಲ, ಇದು ಯಾಕೆ ಇನ್ನೂ’ ಅಂತ ದಿನಾ ಕೇಳುತ್ತಾರೆ. ಮನೆಯಲ್ಲಿ ನಾವು ಇನ್ನೇನು ನೋಡಬೇಕು?

ಕುಮಟೆ ಡಾಕ್ಟರು

ಮಾತ್ರೆ ನಿಲ್ಲಿಸಬೇಡಿ. ಸೋಂಕಿನ ಸಮಯದಲ್ಲಿ ಒಮ್ಮೆ ತಾಳ ತಪ್ಪಿದ ಹೃದಯ ಮತ್ತೆ ತಪ್ಪುವ ಸಾಧ್ಯತೆ ಇದೆ. ಆಗ ಹೃದಯದ ಮೇಲಿನ ಕೋಣೆಯಲ್ಲಿ ಹೆಪ್ಪು ಕಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅಪ್ಪಯ್ಯನಿಗೆ 75 ದಾಟಿದೆ, ಬಿಪಿ, ಸಕ್ಕರೆ ಎರಡೂ ಇವೆ. ಮೂರೂ ಆ ಅಪಾಯ ಹೆಚ್ಚಿಸುವಂಥವು. ಎಷ್ಟು ಕಾಲ ಬೇಕು ಅಂತ ಹೃದಯದ ಡಾಕ್ಟರು ಮುಂದಿನ ಭೇಟಿಯಲ್ಲಿ ಹೇಳುತ್ತಾರೆ. ಮಲ ಕಪ್ಪಗಾದರೆ, ಮೂಗಿನಲ್ಲಿ ರಕ್ತ ನಿಲ್ಲದಿದ್ದರೆ ಕೂಡಲೇ ತಿಳಿಸಿ.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಪಾದದ ಗಂಟಿನ ಹತ್ತಿರ ಹೆಬ್ಬೆರಳಲ್ಲಿ ಒತ್ತಿ ನೋಡಿ, ಗುಳಿ ಬಿದ್ದು ಹಾಗೇ ಉಳಿದರೆ ಬಾವು ಇದೆ. ರಾತ್ರಿ ತಲೆದಿಂಬು ಜಾಸ್ತಿ ಬೇಕಾಗುತ್ತಿದೆಯಾ, ಮಲಗಿದಾಗ ಕೆಮ್ಮು ಬರುತ್ತದಾ ಕೇಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸದ್ಯಕ್ಕೆ ದೂರ ಇಡಿ. ನಮ್ಮವರಿಗೆ ಇದೇ ಕಷ್ಟ, ಗೊತ್ತು.

ಡಿಸ್ಚಾರ್ಜ್ ಆದ ಕೂಡಲೇ ಅಪಾಯ ಮುಗಿಯುವುದಿಲ್ಲ ಅನ್ನೋದನ್ನು ಎಲ್ಲರೂ ಗಮನಿಸಿ. 2015ರಲ್ಲಿ ಬಂದ ಒಂದು ಅಧ್ಯಯನ 65 ದಾಟಿದವರನ್ನು ವರ್ಷಗಟ್ಟಲೆ ಗಮನಿಸಿತ್ತು. ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದವರಲ್ಲಿ ಮೊದಲ 30 ದಿನ ಹಾರ್ಟ್ ಅಟ್ಯಾಕ್, ಲಕ್ವದಂಥ ತೊಂದರೆಯ ಅಪಾಯ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು. ಆಮೇಲೆ ಇಳಿಯುತ್ತಾ ಬಂದರೂ ಹತ್ತು ವರ್ಷದ ತನಕ ಜಾಸ್ತಿಯೇ ಇತ್ತು. ಬಿಪಿ, ಸಕ್ಕರೆ, ಬೀಡಿ ಸಿಗರೇಟು ಇವನ್ನು ಈಗ ಇನ್ನೂ ಗಟ್ಟಿಯಾಗಿ ಹಿಡಿತಕ್ಕೆ ತರಬೇಕು. ಕಾರವಾರದ ಕಾಕಾನಿಗೂ ಇದನ್ನೇ ಹೇಳಿ.

ಕಾಳಿ ಅಳಿವೆ, ಕಾರವಾರ

ಬೀಡಿ ಬಿಟ್ಟಿದ್ದಾರೆ ಡಾಕ್ಟ್ರೇ. ಕಾಕಿ ಬಿಡಿಸಿದ್ದಾರೆ.

ಸಿದ್ದಾಪುರದವ, ಈಗ ಬೆಂಗಳೂರು

ಆಯಿ, ಅಪ್ಪಯ್ಯ ಇಬ್ಬರೇ ಊರಲ್ಲಿ ಇದ್ದಾರೆ. ಅಪ್ಪಯ್ಯನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ. ಇದಕ್ಕೆ ಲಸಿಕೆ ಇದೆ ಅಂತಾರೆ, ನಿಜವಾ? ಲಸಿಕೆಯಿಂದಲೇ ಹಾರ್ಟ್ ಅಟ್ಯಾಕ್ ಆಗುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಿದೆ, ಆಯಿ ಅದಕ್ಕೇ ಹೆದರಿದ್ದಾರೆ.

ಕುಮಟೆ ಡಾಕ್ಟರು

ಎರಡು ಲಸಿಕೆ ಇವೆ. ಒಂದು ಫ್ಲೂ, ಪ್ರತಿ ವರ್ಷ ಹಾಕಿಸಬೇಕು. ನಮ್ಮ ಕಡೆ ಮಳೆಗಾಲದಲ್ಲೇ ಫ್ಲೂ ಜಾಸ್ತಿ, ಹಾಗಾಗಿ ಏಪ್ರಿಲ್, ಮೇ ಒಳ್ಳೆಯ ಸಮಯ. ಇನ್ನೊಂದು ನ್ಯುಮೋಕಾಕಸ್ ಲಸಿಕೆ. ಮಕ್ಕಳಿಗೆ ಇದನ್ನು ಸರಕಾರ 2017ರಿಂದ ಹಂತ ಹಂತವಾಗಿ ಶುರು ಮಾಡಿ, 2021ರ ಹೊತ್ತಿಗೆ ಇಡೀ ದೇಶದಲ್ಲಿ ಉಚಿತವಾಗಿ ಕೊಡುತ್ತಿದೆ. ದೊಡ್ಡವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಅದರಲ್ಲಿ ಬೇರೆ ಬೇರೆ ಬಗೆ ಇವೆ, ಯಾವುದು ಅಂತ ಅಪ್ಪಯ್ಯನ ಡಾಕ್ಟರನ್ನು ಕೇಳಿ.

ಆಯಿಗೆ ಇದನ್ನು ಓದಿ ಹೇಳಿ. ನಾನು ಮೇಲೆ ಹೇಳಿದ 2004ರ ಬ್ರಿಟನ್ ಅಧ್ಯಯನದಲ್ಲಿ ಸೋಂಕಿನ ಜೊತೆಗೆ ಲಸಿಕೆಗಳನ್ನೂ ನೋಡಿದ್ದರು. ಸೋಂಕಾದ ಮೇಲೆ ಹಾರ್ಟ್ ಅಟ್ಯಾಕ್ ಜಾಸ್ತಿಯಾಗಿತ್ತು. ಫ್ಲೂ, ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಂಡ ಮೇಲೆ ಜಾಸ್ತಿ ಆಗಿರಲಿಲ್ಲ. 2021ರಲ್ಲಿ ಇನ್ನೊಂದು ಅಧ್ಯಯನ ಬಂತು. ಹಾರ್ಟ್ ಅಟ್ಯಾಕ್ ಆದವರಿಗೇ ಆಸ್ಪತ್ರೆಯಲ್ಲಿ ಫ್ಲೂ ಲಸಿಕೆ ಕೊಟ್ಟು ನೋಡಿದಾಗ, ಮುಂದಿನ ಒಂದು ವರ್ಷದಲ್ಲಿ ಅವರಲ್ಲಿ ಸಾವು ಕಡಿಮೆ ಇತ್ತು. ಸ್ಟೆಂಟ್ ಇರುವವರು ಬಿಡಲೇಬಾರದ ಲಸಿಕೆ ಇದು.

ಸಿದ್ದಾಪುರದವ, ಈಗ ಬೆಂಗಳೂರು

ಮಳೆ ಶುರುವಾಗಿ ಹೋಯಿತಲ್ಲ. ಈಗ ಹಾಕಿಸಿದರೆ ಪ್ರಯೋಜನ ಇದೆಯಾ? ಎರಡೂ ಒಟ್ಟಿಗೆ ಆಗುತ್ತದಾ?

ಕುಮಟೆ ಡಾಕ್ಟರು

ಇದೆ. ಕೆಲಸ ಮಾಡಲು ಎರಡು ವಾರ ಬೇಕು, ಮಳೆಗಾಲ ಇನ್ನೂ ಬಾಕಿ ಇದೆ. ಜ್ವರ ಇಲ್ಲದ ದಿನ ಹೋಗಲಿ. ಎರಡನ್ನೂ ಒಂದೇ ದಿನ, ಒಂದೊಂದು ತೋಳಿಗೆ ಹಾಕಬಹುದು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಲಿ, ಸೂಜಿ ತೆಗೆದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು.

ಔಷಧಿ ಅಂಗಡಿ, ಭಟ್ಕಳ

ಹೋಗುವ ಮೊದಲು ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಸಣ್ಣ ಊರುಗಳಲ್ಲಿ ತರಿಸಿ ಕೊಡುತ್ತಾರೆ, ಒಂದೆರಡು ದಿನ ಬೇಕು. ಈ ಮಳೆಯಲ್ಲಿ ಕರೆಂಟ್ ಹೋಗುವುದು ಜಾಸ್ತಿ, ಫ್ರಿಜ್ಜಿಗೆ ಇನ್ವರ್ಟರ್ ಇರುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಐಸ್ ಹಾಕಿದ ಡಬ್ಬಿಯಲ್ಲಿ ಒಯ್ದು ಕೂಡಲೇ ಹಾಕಿಸಬೇಕು.

ಸಿದ್ದಾಪುರದವ, ಈಗ ಬೆಂಗಳೂರು

ಆಯಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಒಪ್ಪಿದ್ದಾರೆ. ಶಿರಸಿಯಲ್ಲಿ ಭಾವ ಇದ್ದಾನೆ, ಅವನೇ ವಿಚಾರಿಸಿ ಈ ಶನಿವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತಾನೆ. ಅಪ್ಪಯ್ಯನ ಮಾತ್ರೆ ಚೀಟಿಯ ಫೋಟೋ ಅವನಿಗೆ ಈಗಷ್ಟೇ ಕಳಿಸಿದೆ.